ಆರೋಗ್ಯ ಪ್ರಶ್ನೋತ್ತರ: ದೃಷ್ಟಿ ಕುಂದಿದ ಮೇಲೆ ಕಂಪ್ಯೂಟರ್ ಮುಂದೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಣ್ಣಿನ ಚಿಕಿತ್ಸೆ ಕೇಳಿದವಲ್ಲ. ಚಿಕಿತ್ಸೆ ಮುಗಿದ ಮೇಲೂ ದೃಷ್ಟಿ ಮರಳದಿದ್ದಾಗ ಕೆಲಸ, ಓದು, ವ್ಯಾಪಾರ ಹೇಗೆ ಎಂದು ಕೇಳಿದವು. ಹಾಗಾಗಿ ಅಂಕಣವನ್ನು ಅವಕ್ಕೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ನನಗೆ 46 ವರ್ಷ. ದೊಡ್ಡಬಳ್ಳಾಪುರದ ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕ. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಎರಡೂ ಕಣ್ಣಿಗೆ ಲೇಸರ್ ಆಗಿದೆ, ಇಂಜೆಕ್ಷನ್ ಕೊಟ್ಟಿದ್ದಾರೆ. ಈಗ ದೃಷ್ಟಿ 6/60, ಕನ್ನಡಕ ಬದಲಿಸಿ ಪ್ರಯೋಜನವಿಲ್ಲ ಎಂದಿದ್ದಾರೆ. ಟಿಪ್ಪಣಿ ಟೈಪ್ ಮಾಡುವಾಗ ಮೂಗು ಪರದೆಗೆ ತಾಗುತ್ತದೆ. ಕಚೇರಿಯಲ್ಲಿ ಎಲ್ಲರೂ ‘ವಿಆರ್‌ಎಸ್ ತಗೊಂಡ್ಬಿಡಿ ಸಾರ್’ ಅನ್ನುತ್ತಾರೆ. ಮಗಳು ಇನ್ನೂ ಪಿಯುಸಿ. ರಾತ್ರಿ ನಿದ್ದೆ ಬರುವುದಿಲ್ಲ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ವಿಆರ್‌ಎಸ್ ಅರ್ಜಿಗೆ ಸಹಿ ಹಾಕಬೇಡಿ. ಕಾನೂನು ನನ್ನ ಕ್ಷೇತ್ರವಲ್ಲ, ಆದರೂ ಇಷ್ಟನ್ನು ಕಣ್ಣಿನ ವೈದ್ಯರೂ ಹೇಳಬೇಕು. ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ 20ನೇ ಸೆಕ್ಷನ್ ಪ್ರಕಾರ, ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದ ಸರ್ಕಾರಿ ನೌಕರರನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಈಗಿನ ಹುದ್ದೆ ನಿಭಾಯಿಸಲು ಆಗದಿದ್ದರೆ ಅದೇ ವೇತನ ಶ್ರೇಣಿಯ, ಅದೇ ಸವಲತ್ತಿನ ಬೇರೆ ಹುದ್ದೆಗೆ ಬದಲಿಸಬೇಕು. ಅದೂ ಖಾಲಿ ಇಲ್ಲದಿದ್ದರೆ ಹೊಂದುವ ಹುದ್ದೆ ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. 1995ರ ಹಳೆಯ ಕಾಯ್ದೆಯಲ್ಲೂ ಈ ರಕ್ಷಣೆ ಇತ್ತು. ನೀವೇ ಬರೆದುಕೊಟ್ಟು ಹೊರಟರೆ ಆಮೇಲೆ ಇದನ್ನು ಕೇಳುವುದು ಕಷ್ಟ. ‘ತಗೊಂಡ್ಬಿಡಿ’ ಅನ್ನುವವರು ಕೆಟ್ಟವರಲ್ಲ. ಅವರಿಗೂ ಇದು ಗೊತ್ತಿರುವುದಿಲ್ಲ.

ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ. ಕನ್ನಡಕ ಹಾಕಿದ ಮೇಲೂ ಚೆನ್ನಾಗಿರುವ ಕಣ್ಣಿನ ದೃಷ್ಟಿ 6/18ಕ್ಕಿಂತ ಕಡಿಮೆ ಇದ್ದರೆ ಕಾನೂನಿನ ಲೆಕ್ಕದಲ್ಲಿ ಅದು ಮಂದದೃಷ್ಟಿ. ಮೀಸಲಾತಿಯಂಥ ಹೆಚ್ಚಿನ ಸೌಲಭ್ಯಗಳಿಗೆ ಶೇ 40 ಎಂಬ ಮಿತಿ ಇದೆ. ಅರ್ಜಿ ಸ್ವಾವಲಂಬನ್ ಪೋರ್ಟಲ್‌ನಲ್ಲಿ. ಹಳ್ಳಿಯವರಾದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು, ತಾಲ್ಲೂಕು ಮಟ್ಟದಲ್ಲಿ ಎಂಆರ್‌ಡಬ್ಲ್ಯು ಎಂಬ ಪುನರ್ವಸತಿ ಕಾರ್ಯಕರ್ತರು ಈ ಕೆಲಸಕ್ಕೆಂದೇ ಇದ್ದಾರೆ, ಕೇಳಿ.

ಈಗ ಕಣ್ಣಿನ ವಿಚಾರ. 6/60 ಎಂದರೆ ಕತ್ತಲೆಯಲ್ಲ. ಉಳಿದವರು 60 ಮೀಟರ್ ದೂರದಿಂದ ಗುರುತಿಸುವ ಅಕ್ಷರವನ್ನು ನೀವು 6 ಮೀಟರ್ ಹತ್ತಿರ ಬಂದು ಗುರುತಿಸುತ್ತೀರಿ. ನಿಮ್ಮಲ್ಲಿ ಪೆಟ್ಟು ತಿಂದಿರುವುದು ರೆಟಿನಾದ ನಡುಭಾಗ, ಅಂದರೆ ಮ್ಯಾಕುಲಾ ಎಂದು ಪತ್ರದಿಂದ ತೋರುತ್ತದೆ. ಸಣ್ಣ ಅಕ್ಷರ ಓದುವುದು ಆ ಜಾಗದಿಂದಲೇ. ಕನ್ನಡಕ ಬೆಳಕನ್ನು ಸರಿಯಾದ ಜಾಗಕ್ಕೆ ಬೀಳಿಸುತ್ತದೆ, ಅಷ್ಟೇ. ಆ ಜಾಗವೇ ಕೆಟ್ಟಿದ್ದರೆ ಕನ್ನಡಕದಿಂದ ಏನೂ ಆಗದು. ಆದರೆ ಅಕ್ಷರವನ್ನು ದೊಡ್ಡದು ಮಾಡಿದರೆ ಸುತ್ತಲಿನ ಚೆನ್ನಾಗಿರುವ ರೆಟಿನಾ ಅದನ್ನು ಓದಬಲ್ಲದು. ನೀವು ಪರದೆಗೆ ಮೂಗು ತಾಗಿಸುತ್ತಿರುವುದೂ ಅದಕ್ಕೇ. ಅದರಿಂದ ಕಣ್ಣಿಗೆ ಕೇಡಿಲ್ಲ, ಕುತ್ತಿಗೆಗೆ ಮಾತ್ರ ನೋವು.

ಅಕ್ಷರ ದೊಡ್ಡದು ಮಾಡುವ ಕೆಲಸವನ್ನು ಕಂಪ್ಯೂಟರಿಗೇ ಬಿಡಿ. ವಿಂಡೋಸ್ ಕೀ ಹಿಡಿದು ಪ್ಲಸ್ ಒತ್ತಿದರೆ ಮ್ಯಾಗ್ನಿಫೈಯರ್ ತೆರೆದು ಪರದೆ ದೊಡ್ಡದಾಗುತ್ತದೆ. ಪ್ಲಸ್ ಒತ್ತಿದಷ್ಟೂ ಹಿಗ್ಗುತ್ತದೆ, ಮೈನಸ್ ಒತ್ತಿದರೆ ಕುಗ್ಗುತ್ತದೆ, ವಿಂಡೋಸ್ ಕೀ ಜೊತೆ ಎಸ್ಕೇಪ್ ಒತ್ತಿದರೆ ಮೊದಲಿನಂತಾಗುತ್ತದೆ. ಮ್ಯಾಗ್ನಿಫೈಯರ್ ತೆರೆದಿರುವಾಗ ಕಂಟ್ರೋಲ್, ಆಲ್ಟ್, ಐ ಮೂರನ್ನೂ ಒಟ್ಟಿಗೆ ಒತ್ತಿ: ಬಿಳಿ ಹಿನ್ನೆಲೆ ಕಪ್ಪಾಗಿ ಅಕ್ಷರ ಬಿಳಿಯಾಗುತ್ತದೆ. ಲೇಸರ್ ಆದ ಹಲವರಿಗೆ ಬಿಳಿ ಪರದೆ ಕಣ್ಣು ಕುಕ್ಕುತ್ತದೆ. ಅವರಿಗೆ ಇದೊಂದೇ ಅರ್ಧ ಪರಿಹಾರ. ಕಿಟಕಿ ನಿಮ್ಮ ಎದುರಿಗೂ ಇರಬಾರದು, ಪರದೆಯಲ್ಲಿ ಪ್ರತಿಫಲಿಸುವಂತೆ ಬೆನ್ನಿಗೂ ಇರಬಾರದು. ಪಕ್ಕಕ್ಕೆ ಬರುವಂತೆ ಮೇಜು ತಿರುಗಿಸಿಕೊಳ್ಳಿ.

ಇಷ್ಟಕ್ಕೇ ನಿಲ್ಲಬೇಡಿ ಎಂಬುದೇ ನಾನು ಒತ್ತಿ ಹೇಳಬೇಕಾದ ಮಾತು. ದೃಷ್ಟಿ ಸ್ವಲ್ಪ ಉಳಿದಿರುವಾಗಲೇ ಕಿವಿಯಿಂದ ಕೆಲಸ ಮಾಡುವುದನ್ನು ಕಲಿಯಿರಿ. ಪೂರ್ತಿ ಹೋದ ಮೇಲೆ ಕಲಿಯುವವರಿಗೆ ಇದು ಎರಡು ಪಟ್ಟು ಕಷ್ಟ. ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶವನ್ನು 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರ‍್ರನ್ ಶುರು ಮಾಡಿದರು, ಜೇಮ್ಸ್ ಟೆಹ್ ಜೊತೆಗೂಡಿದರು. ಇಬ್ಬರೂ ಕಣ್ಣು ಕಾಣದವರೇ. ಅದು ಇಂದಿಗೂ ಉಚಿತ, ಜೊತೆಗೆ ಬರುವ ಇ-ಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಮೊದಮೊದಲು ಆ ಯಂತ್ರದ ಉಚ್ಚಾರಣೆ ಕೇಳಿ ಬೇಸರ ಬರುತ್ತದೆ. ಬಿಡದೆ ಕೇಳಿ, ಕಿವಿ ಹೊಂದಿಕೊಳ್ಳುತ್ತದೆ. ಕಂಟ್ರೋಲ್ ಒತ್ತಿದರೆ ಮಾತು ನಿಲ್ಲುತ್ತದೆ. ಮೊದಲು ಕಲಿಯಬೇಕಾದ ಕೀ ಅದೇ. ವೆಬ್ ಪುಟದಲ್ಲಿ ಎಚ್ ಒತ್ತಿದರೆ ಶೀರ್ಷಿಕೆಯಿಂದ ಶೀರ್ಷಿಕೆಗೆ, ಕೆ ಒತ್ತಿದರೆ ಲಿಂಕ್‌ನಿಂದ ಲಿಂಕ್‌ಗೆ ಹೋಗಬಹುದು. ನಿಮ್ಮ ವಯಸ್ಸಿನ ಎಷ್ಟೋ ನೌಕರರು ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗೆ ಹೋಗಿ ಕೀಲಿ ನೋಡದೆ ಹೊಡೆಯಲು ಕಲಿತವರು. ಆ ವಿದ್ಯೆ ಈಗ ಬಂಗಾರ. ಎಫ್ ಮತ್ತು ಜೆ ಕೀಗಳ ಮೇಲೆ ಸಣ್ಣ ಉಬ್ಬುಗೆರೆ ಇದೆ. ತೋರುಬೆರಳು ಅಲ್ಲಿಟ್ಟರೆ ಉಳಿದದ್ದು ತಾನಾಗಿ ಬರುತ್ತದೆ.

ಒಂದು ತೊಡಕು ಮಾತ್ರ ನಿಮ್ಮ ಕಣ್ಣಿನದಲ್ಲ, ಕಚೇರಿಯದು. ನುಡಿ, ಬರಹಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ನೋಡುವವರಿಗೆ ಕನ್ನಡ. ಒಳಗೆ ಮಾತ್ರ ಅದು ಕನ್ನಡದ ವೇಷ ತೊಟ್ಟ ರೋಮನ್ ಅಕ್ಷರ, ಚಿಹ್ನೆಗಳ ಸಾಲು. ಎನ್‌ವಿಡಿಎ ವೇಷವನ್ನು ಕಾಣುವುದಿಲ್ಲ, ಒಳಗಿರುವುದನ್ನೇ ಓದುತ್ತದೆ. ಹಾಗಾಗಿ ಒಂದು ಪದವೂ ಅರ್ಥವಾಗುವುದಿಲ್ಲ. ಎಷ್ಟೋ ಜನ ಇಲ್ಲಿಗೇ ‘ಇದು ಕನ್ನಡಕ್ಕೆ ಆಗಿಬರಲ್ಲ’ ಎಂದು ಕೈಚೆಲ್ಲುತ್ತಾರೆ. ಯುನಿಕೋಡ್‌ನಲ್ಲಿ ಟೈಪ್ ಮಾಡಿದ್ದನ್ನು ಅದು ಸರಿಯಾಗಿ ಓದುತ್ತದೆ. ನುಡಿಯಲ್ಲೇ ಯುನಿಕೋಡ್ ಆಯ್ಕೆ ಇದೆ, ಕೀಲಿಮಣೆ ವಿನ್ಯಾಸ ನಿಮಗೆ ಗೊತ್ತಿರುವುದೇ. ಹಳೆಯ ಕಡತ ಬದಲಿಸಲು ಉಚಿತ ಪರಿವರ್ತಕಗಳೂ ಇವೆ. ಸ್ಕ್ಯಾನ್ ಮಾಡಿದ ಸುತ್ತೋಲೆ ಬರೀ ಚಿತ್ರ, ಅದನ್ನು ಮೊದಲು ಓಸಿಆರ್ ಮೂಲಕ ಅಕ್ಷರವಾಗಿಸಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ತಂಡ ಕನ್ನಡಕ್ಕೆಂದೇ ‘ಲಿಪಿ ಜ್ಞಾನಿ’ ಎಂಬ ಓಸಿಆರ್ ರೂಪಿಸಿದೆ. ನಿಮ್ಮ ಮೇಲಧಿಕಾರಿಗೆ ಒಂದೇ ಕೋರಿಕೆ ಸಲ್ಲಿಸುವುದಾದರೆ ‘ಕಡತಗಳು ಯುನಿಕೋಡ್‌ನಲ್ಲಿರಲಿ’ ಎಂಬುದನ್ನೇ ಸಲ್ಲಿಸಿ. ದೊಡ್ಡ ಮಾನಿಟರ್ ಆಮೇಲೆ.

ಸಕ್ಕರೆ, ಬಿಪಿ, ಕಿಡ್ನಿ ಪರೀಕ್ಷೆ ಬಿಡಬೇಡಿ. ಉಳಿದಿರುವುದನ್ನು ಕಾಯುವುದು ಅದೇ. ನಿದ್ದೆ ಬಾರದಿರುವುದನ್ನೂ ಲಘುವಾಗಿ ಎಣಿಸಬೇಡಿ. ದೃಷ್ಟಿ ಕಳೆದುಕೊಂಡವರಲ್ಲಿ ಖಿನ್ನತೆ ಸಾಮಾನ್ಯ, ಚಿಕಿತ್ಸೆಗೆ ಬಗ್ಗುತ್ತದೆ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನಿವೃತ್ತ ಶಿಕ್ಷಕ, 71 ವರ್ಷ. ಗ್ಲಾಕೋಮಾದಿಂದ ಸುತ್ತಲಿನ ನೋಟ ಹೋಗಿ ಕೊಳವೆಯಲ್ಲಿ ನೋಡಿದಂತಿದೆ. ಕಂಪ್ಯೂಟರ್ ನೋಡಿದರೆ ರೋಗ ಹೆಚ್ಚುತ್ತದೆಯೇ? ಮಗ ಅಕ್ಷರ ದೊಡ್ಡದು ಮಾಡಿಕೊಟ್ಟ, ಇನ್ನೂ ಗೊಂದಲವಾಯಿತು.
– ವಿಜಯಪುರ, ದೇವನಹಳ್ಳಿ ತಾಲ್ಲೂಕು

ಉತ್ತರ: ಹೆಚ್ಚುವುದಿಲ್ಲ. ಪರದೆ ನೋಡುವಾಗ ರೆಪ್ಪೆ ಮಿಟುಕಿಸುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ, ಅಷ್ಟೇ. ಗ್ಲಾಕೋಮಾ ಹೆಚ್ಚುವುದು ಡ್ರಾಪ್ಸ್ ತಪ್ಪಿಸಿದರೆ.

ಮಗ ಪ್ರೀತಿಯಿಂದ ಮಾಡಿದ್ದು ನಿಮಗೆ ಒಗ್ಗದ ಉಪಾಯ. ಮೇಲಿನ ಪತ್ರದವರಿಗೆ ನಡುನೋಟ ಹೋಗಿದೆ, ನಿಮಗೆ ಸುತ್ತುನೋಟ. ನಿಮ್ಮ ಕಿಂಡಿಯೇ ಕಿರಿದು, ಅಕ್ಷರ ದೊಡ್ಡದಾದಷ್ಟೂ ಒಂದು ನೋಟಕ್ಕೆ ಸಿಗುವ ಅಕ್ಷರ ಕಡಿಮೆ. ಓದಲು ಬರುವಷ್ಟೇ ಗಾತ್ರ ಇಟ್ಟು, ಸಾಲು ಚಿಕ್ಕದಾಗುವಂತೆ ತೆರೆದ ವಿಂಡೋವನ್ನು ಪರದೆಯ ನಡುವಿಗೆ ಕಿರಿದು ಮಾಡಿಕೊಳ್ಳಿ, ಸ್ವಲ್ಪ ಹಿಂದೆ ಸರಿದು ಕೂರಿ. ಮೌಸ್ ಬಾಣ ಕಳೆದುಹೋಗುವ ಕಾಟಕ್ಕೆ ಸೆಟ್ಟಿಂಗ್ಸ್‌ನಲ್ಲಿ ಬಾಣದ ಗಾತ್ರ, ಬಣ್ಣ ಬದಲಿಸಬಹುದು. ಕಂಟ್ರೋಲ್ ಒತ್ತಿದಾಗ ಬಾಣದ ಸುತ್ತ ವೃತ್ತ ಮೂಡುವ ಆಯ್ಕೆಯೂ ಮೌಸ್ ಸೆಟ್ಟಿಂಗ್‌ನಲ್ಲಿದೆ. ಸ್ಕೂಟರ್ ಓಡಿಸುತ್ತಿದ್ದರೆ ಇಂದೇ ನಿಲ್ಲಿಸಿ.

ಪ್ರಶ್ನೆ: ಮಗ್ಗದವನು. ಮಗನಿಗೆ 19, ಬಿ.ಕಾಂ. ಮೊದಲ ವರ್ಷ. ಚಿಕ್ಕಂದಿನಿಂದ ಕತ್ತಲಾದರೆ ಕಾಣುತ್ತಿರಲಿಲ್ಲ, ಈಗ ಹಗಲಲ್ಲೂ ಎಡವುತ್ತಾನೆ. ಆರ್‌ಪಿ ಅಂದಿದ್ದಾರೆ. ನಾನು ಅಕ್ಕನ ಮಗಳನ್ನೇ ಮದುವೆಯಾದವನು, ಅದರಿಂದಲೇ ಅನ್ನುತ್ತಾರೆ. ಅಪ್ಪು ಅವರ ಕಣ್ಣು ನಾಲ್ವರಿಗೆ ಹಾಕಿದರಂತೆ. ನನ್ನ ಒಂದು ಕಣ್ಣು ತೆಗೆದು ಮಗನಿಗೆ ಹಾಕಲು ಆಗುತ್ತದೆಯೇ?
– ದೊಡ್ಡಬಳ್ಳಾಪುರ

ಉತ್ತರ: ಆಗುವುದಿಲ್ಲ. 2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ (ಅಪ್ಪು) ತೀರಿಕೊಂಡಾಗ ನಾಲ್ವರಿಗೆ ಹಾಕಿದ್ದು ಇಡೀ ಕಣ್ಣನ್ನಲ್ಲ, ಕಾರ್ನಿಯಾ ಎಂಬ ಮುಂಭಾಗದ ಪಾರದರ್ಶಕ ಪದರವನ್ನು. ಎರಡು ಕಣ್ಣಿನ ಆ ಪದರವನ್ನು ಸೀಳಿ ನಾಲ್ವರಿಗೆ ಬಳಸಿದರು. ನಿಮ್ಮ ಮಗನ ಕಾರ್ನಿಯಾ ಚೆನ್ನಾಗಿಯೇ ಇದೆ, ಆರ್‌ಪಿ (ರೆಟಿನೈಟಿಸ್ ಪಿಗ್ಮೆಂಟೋಸಾ) ರೋಗದಲ್ಲಿ ಸೊರಗುವುದು ಹಿಂಭಾಗದ ರೆಟಿನಾ. ಕಣ್ಣಿನಿಂದ ಮಿದುಳಿಗೆ ಹೋಗುವ ನರದಲ್ಲಿ ಸುಮಾರು 10 ಲಕ್ಷ ಎಳೆಗಳಿವೆ. ಅವನ್ನು ಕತ್ತರಿಸಿ ಬೇರೆ ಕಣ್ಣಿಗೆ ಜೋಡಿಸಿ ನೋಟ ಬರಿಸುವ ವಿದ್ಯೆ ಇನ್ನೂ ಯಾರಿಗೂ ಸಿದ್ಧಿಸಿಲ್ಲ.

ರಕ್ತಸಂಬಂಧದ ಮದುವೆಯಲ್ಲಿ ಇಂಥ ಆನುವಂಶಿಕ ರೋಗದ ಸಾಧ್ಯತೆ ಹೆಚ್ಚುವುದು ನಿಜ. ಹೊರಗಿನ ಮದುವೆಯಲ್ಲೂ ಆರ್‌ಪಿ ಬರುವುದಿದೆ. ಮನೆಯಲ್ಲಿ ಯಾರನ್ನೂ ದೂರುತ್ತ ಕೂರಬೇಡಿ. ಉಳಿದ ಮಕ್ಕಳ ಕಣ್ಣು ಪರೀಕ್ಷೆ ಮಾಡಿಸಿ, ಮುಂದಿನ ತಲೆಮಾರಿಗೆ ಒಳಸಂಬಂಧ ಬೇಡ. ‘ಆರ್‌ಪಿ ಗುಣಪಡಿಸುತ್ತೇವೆ’ ಎಂಬ ಜಾಹೀರಾತು ನಂಬಿ ಮಗ್ಗ ಅಡವಿಡಬೇಡಿ. ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಪಡೆದ ಜೀನ್ ಚಿಕಿತ್ಸೆ ಆರ್‌ಪಿಇ65 ಎಂಬ ಒಂದೇ ಜೀನಿನ ದೋಷಕ್ಕೆ ಮಾತ್ರ. ಅತಿ ದುಬಾರಿ ಕೂಡ. ವಿಟಮಿನ್ ಎ ಮಾತ್ರೆಯನ್ನು ತಾವಾಗಿ ನುಂಗಿಸಬೇಡಿ, ಲಿವರ್ ಕೆಡುತ್ತದೆ.

ಮಗನನ್ನು ಓಡುವ ಪವರ್‌ಲೂಮ್‌ಗಳ ನಡುವೆ ಬಿಡಬೇಡಿ, ಪಕ್ಕದ ಬೆಲ್ಟ್ ಅವನಿಗೆ ಕಾಣುವುದಿಲ್ಲ. ಓದು ನಿಲ್ಲಿಸಬೇಡಿ. ವಿಕಲಚೇತನರಿಗೆ ಕೆಲಸದ ತರಬೇತಿ ಕೊಡುವ ಬೆಂಗಳೂರಿನ ಎನೇಬಲ್ ಇಂಡಿಯಾ ಸಂಸ್ಥೆ ಹುಟ್ಟಿದ್ದೇ ಇಂಥ ಮನೆಯಿಂದ. ಅದನ್ನು 1999ರಲ್ಲಿ ಪತಿಯೊಡನೆ ಕಟ್ಟಿದ ಶಾಂತಿ ರಾಘವನ್ ಅವರ ತಮ್ಮನಿಗೆ ಆರ್‌ಪಿಯಿಂದ ದೃಷ್ಟಿ ಹೋಗಿತ್ತು. ಎಚ್‌ಎಸ್‌ಆರ್ ಲೇಔಟ್‌ನ ಮಿತ್ರ ಜ್ಯೋತಿಯನ್ನು 1990ರಲ್ಲಿ ಸ್ಥಾಪಿಸಿದ ಮಧು ಸಿಂಘಾಲ್ ಅವರಿಗೂ ಕಣ್ಣು ಕಾಣದು. ಅಲ್ಲಿ ಕಂಪ್ಯೂಟರ್ ತರಬೇತಿಯ ಜೊತೆ ಧ್ವನಿ ಪುಸ್ತಕಗಳ ಗ್ರಂಥಾಲಯವಿದೆ. ದೂರವಾಯಿತು, ನಿಜ, ಮೊದಲು ಫೋನ್ ಮಾಡಿ ವಿಚಾರಿಸಿಕೊಂಡು ಹೋಗಿ. ಎಸ್‌ಎಸ್‌ಎಲ್‌ಸಿ ದಾಟಿದ ಅಂಧ ವಿದ್ಯಾರ್ಥಿಗಳಿಗೆ ವಿಕಲಚೇತನರ ಇಲಾಖೆ ಟಾಕಿಂಗ್ ಲ್ಯಾಪ್‌ಟಾಪ್ ಕೊಡುವ ಯೋಜನೆ ಇದೆ, ಆ ಅರ್ಜಿಯನ್ನೂ ಕೇಳಿ. ಅವನು ಈಗ ಕಣ್ಣಿನಿಂದ ಓದಬಲ್ಲ ಎಂಬ ಕಾರಣಕ್ಕೆ ಎನ್‌ವಿಡಿಎ ಕಲಿಕೆಯನ್ನು ಮುಂದೂಡಬೇಡಿ.

ಪ್ರಶ್ನೆ: ನಮ್ಮ ಅತ್ತೆಗೆ 78. ಮ್ಯಾಕುಲಾ ಸವೆದು ಮುಖ ಗುರುತು ಸಿಗುವುದಿಲ್ಲ. ಸಂಜೆ ಹೊತ್ತು ‘ಜಗಲಿ ಮೇಲೆ ಬಣ್ಣಬಣ್ಣದ ಬಟ್ಟೆ ಹಾಕ್ಕೊಂಡು ಮಕ್ಕಳು ಕೂತವೆ’ ಅನ್ನುತ್ತಾರೆ. ಅಂತ್ರ ಕಟ್ಟಿಸಿದೆವು, ನಿಲ್ಲಲಿಲ್ಲ. ಬುದ್ಧಿ ಕೆಟ್ಟಿದೆಯೇ?
– ಹೊಸಕೋಟೆ

ಉತ್ತರ: ಬುದ್ಧಿಯೂ ಕೆಟ್ಟಿಲ್ಲ, ಗಾಳಿಯೂ ಸೋಕಿಲ್ಲ ಎಂದೇ ತೋರುತ್ತದೆ. ಸ್ವಿಟ್ಜರ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ಬೊನೆ 1760ರಲ್ಲಿ ತನ್ನ ತಾತನಿಗೆ ಹೀಗಾದದ್ದನ್ನು ಬರೆದಿಟ್ಟ. ಇಂದಿಗೂ ಇದಕ್ಕೆ ಅವನದೇ ಹೆಸರು. ಕಣ್ಣಿನಿಂದ ಬರಬೇಕಾದ ಚಿತ್ರ ನಿಂತಾಗ ಮಿದುಳು ತಾನೇ ಚಿತ್ರ ಕಟ್ಟುತ್ತದೆ. ಮಕ್ಕಳು, ಹೂವಿನ ವಿನ್ಯಾಸ, ಮೆರವಣಿಗೆ ಏನೂ ಇರಬಹುದು. ಮಾತು ಮಾತ್ರ ಕೇಳಿಸುವುದಿಲ್ಲ. ಎಷ್ಟೋ ಅಜ್ಜಿಯರು ಹುಚ್ಚು ಅಂದಾರೆಂದು ಬಾಯಿ ಬಿಡುವುದೇ ಇಲ್ಲ. ನಿಮ್ಮ ಅತ್ತೆ ಹೇಳಿದ್ದು ಒಳ್ಳೆಯದಾಯಿತು. ಸಂಜೆ ದೀಪ ಬೇಗ ಹಾಕಿ, ಚಿತ್ರ ಬಂದಾಗ ನಾಲ್ಕಾರು ಬಾರಿ ರೆಪ್ಪೆ ಮಿಟುಕಿಸಲು, ಎದ್ದು ಓಡಾಡಲು ಹೇಳಿ. ದನಿ ಕೇಳಿಸಿದರೆ, ಹೊತ್ತು ಗೊತ್ತು ಮರೆತರೆ, ಕೈಕಾಲು ಬಿಗಿಯಾದರೆ ಅಥವಾ ಹೊಸ ಮಾತ್ರೆ ಶುರುವಾದ ಮೇಲೆ ಇದು ಬಂದಿದ್ದರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ನೆಲಮಂಗಲದಲ್ಲಿ ಚಿಲ್ಲರೆ ಅಂಗಡಿ. ಕಣ್ಣು ಪೂರ್ತಿ ಮಂಜು, ಆಪರೇಷನ್ ಆಗಲ್ಲವಂತೆ. ಮೊಬೈಲ್ ಬಳಸುವುದು ಹೇಗೆ?

ಉತ್ತರ: ಗಲ್ಲಾದ ಮೇಲಿನ ಸೌಂಡ್‌ಬಾಕ್ಸ್ ‘ಇಷ್ಟು ರೂಪಾಯಿ ಬಂತು’ ಎಂದು ಕೂಗುತ್ತದಲ್ಲ, ನಿಮ್ಮ ಫೋನೂ ಹಾಗೆಯೇ ಮಾತಾಡಬಲ್ಲದು. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ವಾಲ್ಯೂಮ್ ಕೀ ಎರಡನ್ನೂ ಮೂರು ಸೆಕೆಂಡ್ ಒತ್ತಿ ಹಿಡಿದರೆ ಟಾಕ್‌ಬ್ಯಾಕ್ ಶುರುವಾಗುತ್ತದೆ. ಆಮೇಲೆ ಒಮ್ಮೆ ಮುಟ್ಟಿದರೆ ಹೆಸರು ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಇದು ಗೊತ್ತಿಲ್ಲದೆ ಫೋನ್ ಕೆಟ್ಟಿತೆಂದು ರಿಪೇರಿಗೆ ಕೊಟ್ಟವರಿದ್ದಾರೆ. ಧ್ವನಿ ಸೆಟ್ಟಿಂಗ್‌ನಲ್ಲಿ ಕನ್ನಡ ಆರಿಸಿಕೊಳ್ಳಿ. ಒಟಿಪಿ, ಪಿನ್ ವಿಷಯದಲ್ಲಿ ಇಯರ್‌ಫೋನ್ ಹಾಕಿಕೊಂಡೇ ಕೇಳಿ. ನೋಟು ಗುರುತಿಸಲು ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ‘ಮಣಿ’ ಆ್ಯಪ್ ಇದೆ. 500ರ ನೋಟಿನ ಎರಡೂ ಅಂಚಿನಲ್ಲಿ 5 ಉಬ್ಬುಗೆರೆ, 100ರದರಲ್ಲಿ 4. ಸವೆದ ನೋಟಿನಲ್ಲಿ ಅವು ಕೈಗೆ ಸಿಗುವುದಿಲ್ಲ, ಆಗ ಉದ್ದ ನೋಡಿ: 500ರದು 150 ಮಿ.ಮೀ., ಹೊಸ ಮಾದರಿಯ 100ರದು 142. ‘ಆಪರೇಷನ್ ಆಗಲ್ಲ’ ಎಂದವರು ಯಾರು, ಏಕೆ ಎಂದು ನೀವು ಬರೆದಿಲ್ಲ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಇನ್ನೊಮ್ಮೆ ತೋರಿಸಿ.

ಓದುಗರಲ್ಲಿ ಕೋರಿಕೆ: ಪತ್ರ ಬರೆಯುವಾಗ ರೋಗದ ಹೆಸರು, ಎರಡೂ ಕಣ್ಣಿನ ದೃಷ್ಟಿಯ ಅಂಕಿ, ಬಳಸುತ್ತಿರುವ ಔಷಧಿ ಮೂರನ್ನೂ ಬರೆಯಿರಿ. ಕಣ್ಣ ಮುಂದೆ ದಿಢೀರನೆ ಕಪ್ಪು ಚುಕ್ಕೆಗಳು ಸುರಿದರೆ, ಪರದೆ ಇಳಿದಂತಾದರೆ, ನೋವಿಲ್ಲದೆ ನೋಟ ಹೋದರೆ ಮಾತ್ರ ಪತ್ರ ಬರೆದು ಉತ್ತರಕ್ಕೆ ಕಾಯಬೇಡಿ. ಅಂದೇ ರೆಟಿನಾ ವೈದ್ಯರಿರುವ ಆಸ್ಪತ್ರೆಗೆ ಹೋಗಿ.