ಗಿರಣಿಗೆ ಸಬ್ ಬೋರ್ಡ್ ಕೂರಿಸುವ ಹುಡುಗನಿಗೆ



ಹಿತ್ತಲ ಶೆಡ್ಡಿನಲ್ಲಿ ಹಿಟ್ಟಿನ ಗಿರಣಿ ಹಾಕುತ್ತಿದ್ದೀನಿ, 63 ಆಂಪಿಯರ್‌ನ ತ್ರೀ ಫೇಸ್ ಡಿಬಿ ಸಾಕಾ ಅಂತ ನೀನು ಕೇಳಿದ್ದೆ. ಸಾಕು. 10 ಎಚ್‌ಪಿ ಗಿರಣಿ, 7.5ರ ಖಾರದಪುಡಿ ಯಂತ್ರ, 5ರ ರವೆ ಯಂತ್ರ. 415 ವೋಲ್ಟಿನಲ್ಲಿ ಎಚ್‌ಪಿಗೆ ಸುಮಾರು ಒಂದೂವರೆ ಆಂಪಿಯರ್ ಹಿಡಿದರೆ, ಮೂರೂ ಒಟ್ಟಿಗೆ ಓಡಿದಾಗ 34ರ ಆಸುಪಾಸು. ನಾಳೆ ಎಣ್ಣೆ ಗಾಣ ಬಂದರೂ ಜಾಗವಿದೆ. ಮನೆಯ ಮೀಟರಿನಿಂದ ಮಾತ್ರ ಎಳೆಯಬೇಡ. ಗಿರಣಿಗೆ ದರದ ವರ್ಗವೇ ಬೇರೆ, ಲೋಡ್ ಮಂಜೂರು ಮಾಡಿಸಿಕೊಂಡು ಬೇರೆ ಮೀಟರ್ ಹಾಕಿಸು.

ಈಗ ಮುಖ್ಯ ಮಾತು. ಎಂಸಿಬಿ ಯಂತ್ರವನ್ನು ಕಾಯುತ್ತದೆ ಅಂತ ಎಲ್ಲರೂ ತಿಳಿದಿದ್ದಾರೆ. ಅದು ಕಾಯುವುದು ತಂತಿಯನ್ನು. ಮೋಟಾರ್ ಕಾಯಲು ಸ್ಟಾರ್ಟರಿನ ಓವರ್‌ಲೋಡ್ ರಿಲೇ ಇದೆ. ಹಾಗಾಗಿ 63ರ ಬ್ರೇಕರ್ ಇರಬೇಕಾದದ್ದು ಶೆಡ್ಡಿನಲ್ಲಲ್ಲ, ಕೇಬಲ್ ಹೊರಡುವ ಕಡೆ, ಗೇಟಿನ ಹತ್ತಿರದ ಮೇನ್ ಬೋರ್ಡಿನಲ್ಲಿ. ಶೆಡ್ಡಿನ ತುದಿಗೆ ನಾಲ್ಕು ಪೋಲಿನ ಐಸೊಲೇಟರ್ ಸಾಕು. ನಡುವೆ ನಲವತ್ತು ಮೀಟರ್ ಅಂದೆಯಲ್ಲ, 25 ಚದರ ಮಿ.ಮೀ.ಯ ನಾಲ್ಕು ಕೋರಿನ ಅಲ್ಯೂಮಿನಿಯಂ ಆರ್ಮರ್ಡ್ ಕೇಬಲ್ ಹೂಳಿಸು. ತುದಿಗಳಿಗೆ ಬೈಮೆಟಲ್ ಲಗ್ಗು, ಅದನ್ನೂ ಕ್ರಿಂಪಿಂಗ್ ಟೂಲಿನಲ್ಲೇ ಒತ್ತಿಸು. ಸುತ್ತಿಗೆಯಲ್ಲಿ ಬಡಿದು ಕೂರಿಸುವವರೂ ಇದ್ದಾರೆ, ಅಂಥವರನ್ನು ಟೀ ಕೊಟ್ಟು ಕಳಿಸಿಬಿಡು.

ಗಿರಣಿ ಶುರು ಮಾಡುವಾಗ ಅದರ ಎಂಸಿಬಿ ಬಿದ್ದರೆ, 20 ಆಂಪಿಯರ್‌ನದು ತೆಗೆದು 40ರದು ಹಾಕೋಣ ಅನ್ನುವ ಸಲಹೆ ಖಂಡಿತ ಬರುತ್ತದೆ. ಒಪ್ಪಬೇಡ, ಆಮೇಲೆ ಬಿಸಿಯಾಗಿ ಕಾಯುವ ಸರದಿ ತಂತಿಯದು. ಮೋಟಾರ್ ಎದ್ದೇಳುವಾಗ ತನ್ನ ಮಾಮೂಲಿ ಕರೆಂಟಿನ ಆರು ಪಟ್ಟು ಎಳೆಯುತ್ತದೆ. ಸಿ ಬಗೆಯ ಎಂಸಿಬಿ ಐದರಿಂದ ಹತ್ತು ಪಟ್ಟಿನೊಳಗೆ ಥಟ್ಟನೆ ಬೀಳುತ್ತದೆ, ಡಿ ಬಗೆಯದ್ದು ಹತ್ತರಿಂದ ಇಪ್ಪತ್ತಕ್ಕೆ. ಆಂಪಿಯರ್ ಹಾಗೇ ಇರಲಿ, ಬಗೆ ಬದಲಾಗಲಿ. 10 ಎಚ್‌ಪಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿಸಿದರೆ ಈ ರಗಳೆಯೇ ಕಡಿಮೆ. ಒಂದು ಫೇಸ್ ಹೋದರೆ ಮೋಟಾರ್ ಸುಡದಂತೆ ಸಿಂಗಲ್ ಫೇಸ್ ಪ್ರಿವೆಂಟರ್ ಕೂಡ ಇರಲಿ.

ನ್ಯೂಟ್ರಲ್ಲನ್ನೂ ಅರ್ಥನ್ನೂ ಶೆಡ್ಡಿನ ಬೋರ್ಡಿನಲ್ಲಿ ಕೂಡಿಸಕೂಡದು. ಕೂಡಿಸಿದರೆ ವಾಪಸ್ಸು ಹೋಗುವ ಕರೆಂಟು ಕೇಬಲ್ಲಿನ ಆರ್ಮರ್ ಮೇಲೂ ಹರಿಯುತ್ತದೆ. ಸಾಕೆಟ್ಟು, ದೀಪಗಳಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಬೇಕೇ ಬೇಕು. ಎರಡು ಆರ್‌ಸಿಸಿಬಿ ಹಾಕಿದರೆ ಎರಡಕ್ಕೂ ನ್ಯೂಟ್ರಲ್ ಲಿಂಕ್ ಬೇರೆ ಬೇರೆ. ಬೆರೆತರೆ ಕಾರಣವಿಲ್ಲದೆ ಬೀಳುತ್ತಲೇ ಇರುತ್ತವೆ.

ಡಬ್ಬದ ಬ್ರ್ಯಾಂಡಿನ ಬಗ್ಗೆ ಅಂಗಡಿಯವನು ಅರ್ಧ ಗಂಟೆ ಭಾಷಣ ಮಾಡಿಯಾನು. ನೀನು ಕೇಳಬೇಕಾದದ್ದು ಐಪಿ 54 ಇದೆಯಾ, ಅಂದರೆ ಧೂಳು ತಡೆಯುತ್ತದಾ ಅಂತ. ಗಾಳಿಯಲ್ಲಿ ದಟ್ಟವಾಗಿ ತೇಲುವ ಹಿಟ್ಟಿನ ಧೂಳು ಒಂದು ಕಿಡಿಗೆ ಸ್ಫೋಟಿಸಬಲ್ಲದು. ಕೇಬಲ್ ಒಳಬರುವ ತೂತಿಗೆಲ್ಲ ಗ್ಲ್ಯಾಂಡ್ ಹಾಕಿಸಿ, ಬೋರ್ಡನ್ನು ಗಿರಣಿಯ ಕಲ್ಲಿನಿಂದ ದೂರದ ಗೋಡೆಗೆ ಕೂರಿಸು. ನಾಲ್ಕು ಜಾಗ ಖಾಲಿ ಬಿಡು, ಆದರೆ ಅವಕ್ಕೂ ಮುಚ್ಚಳ ಇರಲಿ.

ಕೆಲಸಕ್ಕೆ ಲೈಸೆನ್ಸ್ ಇರುವ ಕಂಟ್ರಾಕ್ಟರನ್ನೇ ಕರೆಸು. ಕರೆಂಟು ಬಿಡುವ ಮುಂಚೆ ಕೇಬಲ್ಲಿಗೆ ಮೆಗ್ಗರ್ ಹಾಕಿಸಿ, ಬಂದ ಅಂಕಿ ಬರೆದಿಡು. ಯುಗಾದಿಗೆ ಬಂದಾಗ ಆ ಚೀಟಿ ತೋರಿಸು.

ಇತಿ,
ನಿನ್ನ ದೊಡ್ಡಪ್ಪ