ಹಳೆ ಜೀಪಿಗೆ ಹೊಸ ಡ್ಯಾಶ್‌ಬೋರ್ಡ್
ಮಹೀಂದ್ರದ ಹಳೆಯ ಜೀಪುಗಳ ಡ್ಯಾಶ್‌ಬೋರ್ಡ್ ಬಹುಮಟ್ಟಿಗೆ ಚಪ್ಪಟೆ ತಗಡು; ಹೊಸದನ್ನು ಮಾಡಿಕೊಳ್ಳಲು ಅದೇ ಅನುಕೂಲ. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಪ್ರತಿ ವೈರಿಗೂ ಚೀಟಿ ಅಂಟಿಸಬೇಕು. ಬೇಸರದ ಕೆಲಸವೇ, ಆದರೆ ತಪ್ಪಿಸುವಂತಿಲ್ಲ. ರಟ್ಟಿನಲ್ಲಿ ಮಾದರಿ ಕತ್ತರಿಸಿ, ಮೀಟರುಗಳು ಸ್ಟೀರಿಂಗ್ ಚಕ್ರದ ಮರೆಗೆ ಬೀಳುವುದಿಲ್ಲವೆಂದು ಸೀಟಿನಲ್ಲಿ ಕುಳಿತೇ ನೋಡಿಕೊಂಡು, ಆಮೇಲೆ 2 ಅಥವಾ 3 ಮಿ.ಮೀ. ಅಲ್ಯೂಮಿನಿಯಂ ಹಾಳೆಗೆ ಕೈಹಾಕುವುದು ಲೇಸು. ಆಯಿಲ್ ಒತ್ತಡ, ಎಂಜಿನ್ ಉಷ್ಣತೆಯ ಮೀಟರುಗಳಿಗೆ ಸಾಮಾನ್ಯವಾಗಿ 52 ಮಿ.ಮೀ. ರಂಧ್ರ. ಇಂಧನದ ಮೀಟರು ಟ್ಯಾಂಕಿನೊಳಗೆ ಮಟ್ಟ ಅಳೆಯುವ ಸೆಂಡರಿನ ರೋಧಕ್ಕೆ ಹೊಂದದಿದ್ದರೆ ತುಂಬಿದ ಟ್ಯಾಂಕನ್ನೂ ಖಾಲಿ ಎಂದು ತೋರಿಸೀತು. ಹಳೆಯ ಆಮ್ಮೀಟರಿನಲ್ಲಿ ವಾಹನದ ಬಹುಪಾಲು ವಿದ್ಯುತ್ತು ಹಾದುಹೋಗುವುದರಿಂದ ಅದರ ಬದಲು ವೋಲ್ಟ್‌ಮೀಟರೇ ಸುರಕ್ಷಿತ. ಹೊಳೆಯುವ ಸ್ಟೀಲು ಅಂಗಡಿಯಲ್ಲಿ ಚಂದ, ಬಿಸಿಲಲ್ಲಿ ಕಣ್ಣಿಗೆ ಹಿಂಸೆ; ಮಂಕು ಕಪ್ಪು ಬಣ್ಣವೇ ಒಳ್ಳೆಯದು. ತಂತಿ ಹಾಯುವ ರಂಧ್ರಕ್ಕೆ ರಬ್ಬರ್ ಬಳೆ, ಪ್ರತಿ ಸರ್ಕ್ಯೂಟಿಗೂ ಫ್ಯೂಸ್ ಬೇಕು.