ಉಳಿಕೆ ದ್ರಾವಕ: ಎಚ್‌ಪಿಎಲ್‌ಸಿ ಒಂದೇ ಸಾಕೇ?

ಪ್ರಶ್ನೆ: ಔಷಧ ಕಾರ್ಖಾನೆಯೊಂದರ ಕ್ಯೂಸಿ ವಿಭಾಗದಲ್ಲಿದ್ದೇನೆ. ನಮ್ಮಲ್ಲಿ ಎಚ್‌ಪಿಎಲ್‌ಸಿ ಇದೆ, ಜಿಸಿ ಇಲ್ಲ. ಒಂದು ಮೂಲವಸ್ತುವಿನ ತಯಾರಿಕೆಯಲ್ಲಿ ಮೆಥನಾಲ್, ಡೈಕ್ಲೋರೋಮೀಥೇನ್, ಡಿಎಂಎಫ್ ಬಳಸುತ್ತಾರೆ. ಮೂರನ್ನೂ ಎಚ್‌ಪಿಎಲ್‌ಸಿಯಲ್ಲೇ ಅಳೆಯಬಹುದೇ?
— ಓದುಗರು, ಬೀದರ್

ಉತ್ತರ: ಡಿಎಂಎಫ್ ಅಳೆಯಬಹುದು, ಉಳಿದೆರಡು ಬೇಡ. ಬೆಳಕನ್ನು ಹೀರುವ ಅಣು ಮಾತ್ರ ಯುವಿ ಡಿಟೆಕ್ಟರಿಗೆ ಕಾಣುತ್ತದೆ. ಮೆಥನಾಲ್, ಡೈಕ್ಲೋರೋಮೀಥೇನ್ ತೀರ ಕಡಿಮೆ ಹೀರುತ್ತವೆ. ಐಸಿಎಚ್ ಕ್ಯೂ3ಸಿ ಪ್ರಕಾರ ಅವುಗಳ ಮಿತಿ ಕ್ರಮವಾಗಿ 3000 ಮತ್ತು 600 ಪಿಪಿಎಂ. ಇವಕ್ಕೆ ಹೆಡ್‌ಸ್ಪೇಸ್ ಜಿಸಿಯೇ ಸರಿ. ಇಲ್ಲದಿದ್ದರೆ ಮಾನ್ಯತೆ ಪಡೆದ ಹೊರಗಿನ ಲ್ಯಾಬಿಗೆ ಕಳಿಸಿ.

ಡಿಎಂಎಫ್ ಕಥೆ ಬೇರೆ. ಅದು ಕುದಿಯುವುದು 153 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನೀರಿನ ಮಾದರಿಯಿಂದ ಅದು ಸುಲಭಕ್ಕೆ ಆವಿಯಾಗಿ ಮೇಲೇಳುವುದಿಲ್ಲ. ಹೆಡ್‌ಸ್ಪೇಸ್‌ನಲ್ಲಿ ಸರಿಯಾಗಿ ಸಿಗದ ದ್ರಾವಕಗಳ ಪಟ್ಟಿಯಲ್ಲಿ ಯುಎಸ್‌ಪಿ ಅದನ್ನೂ ಹೆಸರಿಸಿದೆ. ಆದರೆ 210 ನ್ಯಾನೋಮೀಟರ್ ಹತ್ತಿರ ಅದು ಚೆನ್ನಾಗಿ ಬೆಳಕು ಹೀರುತ್ತದೆ. ಮಿತಿ 880 ಪಿಪಿಎಂ. ಅಂದರೆ ಮಿಲಿಲೀಟರಿಗೆ 10 ಮಿಲಿಗ್ರಾಂ ಮಾದರಿ ಕರಗಿಸಿದರೆ ಮಿತಿಯ ಮಟ್ಟದಲ್ಲಿ 8.8 ಮೈಕ್ರೋಗ್ರಾಂ ಡಿಎಂಎಫ್ ಇರುತ್ತದೆ. ಯುವಿಗೆ ಇಷ್ಟು ಸಾಕು.

ತೊಂದರೆ ಇರುವುದು ಕಾಲಮ್ಮಿನಲ್ಲಿ. ಡಿಎಂಎಫ್ ತುಂಬ ಪೋಲಾರ್ ಆದ್ದರಿಂದ ಮಾಮೂಲಿ ಸಿ18ರಲ್ಲಿ ನಿಲ್ಲದೆ ಆರಂಭದಲ್ಲೇ ಹೊರಬರುತ್ತದೆ. ಅದನ್ನು ಹಿಡಿಯಲು ನೀರು ಹೆಚ್ಚಿಸಿದರೆ ಮಾಮೂಲಿ ಕಾಲಮ್ ಒದ್ದೆಯಾಗುವ ಗುಣವನ್ನೇ ಕಳೆದುಕೊಳ್ಳುತ್ತದೆ. ಹೆಚ್ಚು ನೀರನ್ನು ತಾಳುವ ಸಿ18 ಆರಿಸಿ, ಶೇ 3-5ರಷ್ಟು ಅಸಿಟೋನೈಟ್ರೈಲ್‌ನಿಂದ ಶುರು ಮಾಡಿ. ಡಿಎಂಎಫ್ ಪೀಕ್ ಬಂದ ಮೇಲೆ ಅಸಿಟೋನೈಟ್ರೈಲ್ ಏರಿಸಿ ಔಷಧವನ್ನು ತೊಳೆದು ಹಾಕಿ, ಇಲ್ಲವಾದರೆ ಮುಂದಿನ ಇಂಜೆಕ್ಷನ್ನಿನಲ್ಲಿ ಅದು ಪೀಕಾಗಿ ಬಂದು ಕಾಡುತ್ತದೆ. ಔಷಧ ನೀರಿನಲ್ಲಿ ಕರಗದಿದ್ದರೆ ಸ್ವಲ್ಪ ಅಸಿಟೋನೈಟ್ರೈಲ್‌ನಲ್ಲಿ ಕರಗಿಸಿ, ನೀರು ಸೇರಿಸಿ, ಗಷ್ಟಾಗಿ ಕೂತದ್ದನ್ನು ಸೋಸಿ. ಸೋಸಿದಾಗ ಡಿಎಂಎಫ್ ನಷ್ಟವಾಗಲಿಲ್ಲ ಎಂಬುದನ್ನು, ಗೊತ್ತಿರುವ ಪ್ರಮಾಣದ ಡಿಎಂಎಫನ್ನು ಮಾದರಿಗೆ ಸೇರಿಸಿ ರಿಕವರಿ ನೋಡಿಯೇ ಸಾಬೀತು ಮಾಡಬೇಕು. ಈ ಹಂತವನ್ನು ದಯವಿಟ್ಟು ಬಿಡಬೇಡಿ. ಡಿಎಂಎಫ್ ಯಕೃತ್ತಿಗೂ ಗರ್ಭದ ಶಿಶುವಿಗೂ ಅಪಾಯಕಾರಿ.

ಪ್ರಶ್ನೆ: ನಾವು ಬಳಸುವುದು ಎಥನಾಲ್, ಅಸಿಟೋನ್ ಮಾತ್ರ. ಕ್ರೊಮ್ಯಾಟೋಗ್ರಫಿ ಬೇಕೇ?
— ಓದುಗರು, ನಂಜನಗೂಡು

ಉತ್ತರ: ಐಸಿಎಚ್ ಕ್ಯೂ3ಸಿಯಲ್ಲಿ ಎರಡೂ ಮೂರನೇ ವರ್ಗದ ದ್ರಾವಕಗಳು. ಒಣಗಿಸಿದಾಗಿನ ತೂಕನಷ್ಟ ಶೇ 0.5 ಮೀರದಿದ್ದರೆ ಸಾಕು. ಆದರೆ ಇವೆರಡರಲ್ಲೂ ಬೆಂಜೀನ್ ಕಲ್ಮಶವಾಗಿ ಸೇರಿರಬಹುದು. ಅದರ ಮಿತಿ ಕೇವಲ 2 ಪಿಪಿಎಂ, ತೂಕನಷ್ಟದಲ್ಲಿ ಅದು ಕಾಣುವುದಿಲ್ಲ. ಪೂರೈಕೆದಾರರಿಂದ ಬೆಂಜೀನ್ ವರದಿಯನ್ನು ಕೇಳಿ ಪಡೆಯಿರಿ.